ನಿಧಾನಿಸುವ ಬಸ್ಸು, ಬಾಗಿಲಲ್ಲಿ ಕಾನ್

ಸೊಂಗ್ ಕೌ ಕೊಲ್ಲಿಯ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೈಗಾನ್‌ನಿಂದ ರಾತ್ರಿಯಿಡೀ ಓಡಿಬಂದ ಸ್ಲೀಪರ್ ಬಸ್ಸು ಹಳೆಯ ರಸ್ತೆಯಲ್ಲಿ ವೇಗ ತಗ್ಗಿಸುತ್ತದೆ, ಆದರೆ ನಿಲ್ಲುವುದಿಲ್ಲ. ತೆರೆದ ಬಾಗಿಲಲ್ಲಿ ಒಂದು ಕೈಯಲ್ಲಿ ಸರಳು ಹಿಡಿದು, ಇನ್ನೊಂದು ಕೈಯಲ್ಲಿ ಕಪ್ಪು ಪ್ಲಾಸ್ಟಿಕ್ ಕವರ್ ಚಾಚಿಕೊಂಡು ಕ್ಲೀನರ್ ಕಾನ್ ನಿಂತಿದ್ದಾನೆ. ರಸ್ತೆ ಬದಿಯಲ್ಲಿ ಅವನ ಹೆಂಡತಿ ಮಿಯೆನ್. ಒಗೆಯುವ ಬಟ್ಟೆ ಅವಳ ಕೈಗೆ, ಒಗೆದ ಬಟ್ಟೆಯೂ ಬುತ್ತಿಯೂ ಇವನ ಕೈಗೆ. ಬಸ್ಸು ಮತ್ತೆ ವೇಗ ಹಿಡಿಯುತ್ತದೆ.

ಅಷ್ಟು ಹೊತ್ತಿನಲ್ಲಿ ಅವಳ ಜೊತೆ ಏನು ಮಾತಾಡುತ್ತೀಯ ಎಂದು ಕಾನ್‌ನನ್ನು ಕೇಳುತ್ತೇನೆ.

"ಮಾತಾಡೋಕೆ ಟೈಮೆಲ್ಲಿದೆ ಅಕ್ಕ. 'ಉಂಡ್ಯಾ' ಅಂತೀನಿ. ಅವಳು 'ಹ್ಞೂಂ' ಅನ್ನೋ ಹೊತ್ತಿಗೆ ಬಸ್ಸು ಮೀನಂಗಡಿ ದಾಟಿರುತ್ತೆ."

ಪತ್ರಿಕೆಯ ಕೆಲಸಕ್ಕೆಂದು ಈ ಬಸ್ಸಿನಲ್ಲಿ ನಾನು ತಿಂಗಳಿಗೆರಡು ಸಲವಾದರೂ ಅದರ ಕೊನೆಯ ನಿಲ್ದಾಣ ಕ್ವಿ ನ್ಯೋನ್‌ಗೆ ಬರುತ್ತೇನೆ. ಡ್ರೈವರ್ ಥಾಕ್‌ನ ಹೆಸರು ಎಲ್ಲರಿಗೂ ಗೊತ್ತು. ಹಬ್ಬಕ್ಕೆ ಅವನಿಗೆ ಹಣ್ಣಿನ ಬುಟ್ಟಿ ಬರುತ್ತದೆ. ಕಾನ್‌ಗೆ ನಮ್ಮ ಜನ "ಏಯ್" ಅನ್ನುತ್ತಾರೆ, ಬೆನ್ನುಚೀಲದ ವಿದೇಶಿಯರು "ಹಲೋ" ಅನ್ನುತ್ತಾರೆ. ಎರಡಕ್ಕೂ ಅವನು ಒಂದೇ ನಗು ನಗುತ್ತಾನೆ. ಮೊದಲು ಅವನಿಗೆ ಕೊಲ್ಲಿಯಲ್ಲಿ ಸೀಗಡಿ ಸಾಕುವ ಪಂಜರಗಳಿದ್ದವು. ಒಂದು ಬಿರುಗಾಳಿ ಬಂದು ಅವನ್ನೆಲ್ಲ ಹೊತ್ತುಕೊಂಡು ಹೋಯಿತು. ಅಂದಿನಿಂದ ಮಿಯೆನ್ ಬೇರೆಯವರ ಪಂಜರಗಳಿಗೆ ಮೇವು ಹಾಕುತ್ತಾಳೆ, ಇವನು ಬಸ್ಸು ಹತ್ತಿದ್ದಾನೆ. ತಿಂಗಳಿಗೆ ಎರಡು ದಿನ ಮನೆ. ಉಳಿದ ದಿನ ಹಾಸಿಗೆಗಳ ನಡುವಿನ ಓಣಿಯಲ್ಲಿ ಒಂದು ಚಾಪೆ.

ಸೈಗಾನ್‌ನಲ್ಲಿ ಸಂಜೆ ಬಸ್ಸು ತುಂಬಿಸುವುದೇ ಒಂದು ಯುದ್ಧ. ಮುಂದೆ ಮೋಟರ್‌ಸೈಕಲ್‌ಗಳ ಹೊಳೆ, ಹಿಂದೆ ಹಾರ್ನ್ ಒತ್ತುವ ಇನ್ನೊಂದು ಬಸ್ಸು, ನಡುವೆ ತಮ್ಮಷ್ಟೇ ಎತ್ತರದ ಚೀಲ ಹೊತ್ತು ಬೆವರಿಳಿಸುತ್ತಿರುವ ಪ್ರವಾಸಿಗಳು. ಹತ್ತುವವರೆಲ್ಲ ಮೆಟ್ಟಿಲಲ್ಲೇ ಚಪ್ಪಲಿ ಬಿಚ್ಚಬೇಕು. ಕಾನ್ ಒಂದೊಂದು ಜೊತೆಯನ್ನೂ ಕವರ್‌ಗೆ ಹಾಕಿ ಕಟ್ಟುತ್ತಾನೆ. ಅವನಿಗೆ ಬರುವ ಪರಭಾಷೆ ಮೂರೇ ಮಾತು: ಷೂ, ಸ್ಲೀಪ್, ಟಾಯ್ಲೆಟ್. ಅಷ್ಟರಲ್ಲೇ ಜಗತ್ತನ್ನೆಲ್ಲ ಮಲಗಿಸುತ್ತಾನೆ.

"ಚೀಲ ಕೆಳಗಿಡೋಕೆ ಬಿಡೋದಿಲ್ಲ ಇವರು. ಕೂಸಿನ ತರ ಅಪ್ಕೊಂಡಿರ್ತಾರೆ," ಎನ್ನುತ್ತಾನೆ. "ಉದ್ದ ಕಾಲಿನೋರನ್ನ ಹಿಂದೆ ಮಲಗಿಸ್ತೀನಿ. ಮುಂದೆ ಬಿಟ್ರೆ ಕಾಲು ಥಾಕ್ ಅಣ್ಣನ ಕಿವಿಗೆ ತಾಗುತ್ತೆ. ಪಾಪ, ಸಮುದ್ರ ನೋಡೋಕೆ ಅಂತ ಎಲ್ಲಿಂದೆಲ್ಲಿಂದ್ಲೋ ಬಂದಿರ್ತಾರೆ. ಅದಕ್ಕೇ ಕೊಲ್ಲಿ ಬಂದಾಗ ತಟ್ಟಿ ಎಬ್ಬಿಸ್ತೀನಿ."

ಅವನು ಪರದೆ ಸರಿಸಿದಾಗ ನಮ್ಮವರು ಗೊಣಗುತ್ತಾರೆ. "ನಿನ್ನ ಸಮುದ್ರ ಓಡಿಹೋಗಲ್ಲ, ಮುಚ್ಚಯ್ಯ" ಎಂದು ಈಚೆಗೆ ಒಬ್ಬ ಅಜ್ಜಿ ಗದರಿದಳು.

ಸಮುದ್ರ ಓಡಿಹೋಗುವುದಿಲ್ಲ, ಬಸ್ಸೇ ಹೋಗುತ್ತದೆ. ಮುಂದಿನ ತಿಂಗಳಿಂದ ಇದು ಹೊಸ ಹೆದ್ದಾರಿ ಹಿಡಿಯಲಿದೆ. ಎರಡು ಗಂಟೆ ಉಳಿತಾಯ, ಎಲ್ಲರಿಗೂ ಖುಷಿ, ನನಗೂ ಖುಷಿಯೇ. ಆದರೆ ಆ ರಸ್ತೆ ಗುಡ್ಡಗಳ ಹಿಂದೆ ಹೋಗುತ್ತದೆ, ಉದ್ದಕ್ಕೂ ಬೇಲಿ, ಬದಿಯಲ್ಲಿ ಯಾರೂ ನಿಲ್ಲುವಂತಿಲ್ಲ. ಅಲ್ಲಿಂದ ತನ್ನ ಮನೆ ಕಾಣುತ್ತದೆಯೇ ಎಂದು ಕಾನ್ ಡ್ರೈವರನ್ನು ಕೇಳಿದ್ದಾನೆ.

"ನಿಮ್ಮನೆ ಹಿಂದಿನ ಗುಡ್ಡದ ಬೆನ್ನು ಕಾಣುತ್ತೆ," ಎಂದನಂತೆ ಥಾಕ್. "ಬೇಕಾದ್ರೆ ಅದಕ್ಕೇ ಕೈ ಬೀಸು."

ಇಷ್ಟಾದರೂ ಕಾನ್ ಹೆಂಡತಿಗೆ ಸುದ್ದಿ ಹೇಳಿಲ್ಲ. ಬಾಗಿಲಲ್ಲಿ ಹೊತ್ತು ಸಾಲುವುದಿಲ್ಲ. "ಫೋನಲ್ಲಿ ಹೇಳೋಣ ಅಂದ್ರೆ ಅವಳ ಮುಖ ಕಾಣಲ್ಲ. ರಜೆಗೆ ಹೋದಾಗ ಎಲ್ಲರೂ ನಗ್ತಾ ಇದ್ರು, ಬಾಯಿ ಬರಲಿಲ್ಲ. ದಿನ ಬಿಟ್ಟು ದಿನ ಮುಖ ನೋಡ್ತೀನಲ್ಲ ಅಕ್ಕ, ಅದರ ಮೇಲೇ ದಿನ ನಡೀತಿರೋದು." ಇದನ್ನು ಹೇಳುವಾಗ ಅವನು ನನ್ನತ್ತ ನೋಡುವುದಿಲ್ಲ.

ನಾನು ಈ ಲೇಖನಕ್ಕೆಂದೇ ಹತ್ತಿದ ದಿನ ನಮ್ಮೊಂದಿಗೆ ಯೋರಿಸ್ ಎಂಬ ಡಚ್ ಹುಡುಗನಿದ್ದಾನೆ. ಅವನ ಬೂಟುಗಳು ಮಾಮೂಲಿ ಕವರ್‌ನಲ್ಲಿ ಹಿಡಿಸದೆ, ಕಾನ್ ಅವನ್ನು ದೊಡ್ಡ ಕಪ್ಪು ಕವರ್‌ಗೆ ತುಂಬಿ ಬಾಗಿಲ ಬಳಿಯ ಕೊಕ್ಕೆಗೆ ನೇತುಹಾಕಿದ್ದಾನೆ. ಪಕ್ಕದ ಕೊಕ್ಕೆಯಲ್ಲಿ ಕಾನ್‌ನ ಕೊಳೆ ಬಟ್ಟೆಯ ಕಪ್ಪು ಕವರ್. ಮುಂದೇನಾಯಿತೆಂದು ಓದುಗರು ಊಹಿಸಿರಬಹುದು. ಕ್ವಿ ನ್ಯೋನ್ ನಿಲ್ದಾಣದಲ್ಲಿ ಬೆಳಗಿನ ಬೆಳಕಿನಲ್ಲಿ ಕಾನ್ ಎಲ್ಲರ ಚಪ್ಪಲಿ ಹಂಚಿ, ಕೊನೆಗೆ ಯೋರಿಸ್‌ನ ಮುಂದೆ ಕವರ್ ಬಿಚ್ಚಿದರೆ ಹೊರಬಂದದ್ದು ತನ್ನದೇ ಬನಿಯನ್ನು, ಚಡ್ಡಿ.

ಬಸ್ಸಿಗೆ ಬಸ್ಸೇ ನಗುತ್ತದೆ. ಯೋರಿಸ್ ಕೂಡ ನಗುತ್ತಾನೆ, ಆದರೆ ಒಂಬತ್ತಕ್ಕೆ ಅವನು ಹೋಯ್ ಆನ್‌ನ ಬಸ್ಸು ಹಿಡಿಯಬೇಕು, ಅಂಥ ಪಾದಕ್ಕೆ ಈ ಊರಿನ ಯಾವ ಅಂಗಡಿಯಲ್ಲೂ ಜೋಡು ಸಿಗುವುದಿಲ್ಲ. ಕಾನ್ ಬೆವರುತ್ತಾ ಮನೆಗೆ ಫೋನ್ ಮಾಡುತ್ತಾನೆ. ಮಿಯೆನ್‌ಳ ದನಿ ಪಕ್ಕದಲ್ಲಿದ್ದ ನನಗೂ ಕೇಳುತ್ತದೆ.

"ಕವರ್ ಬಿಚ್ಚಿದ್ಯೇನೇ?"

"ಬಿಚ್ಚದೆ? ಯಾವನದಯ್ಯ ಇದು, ದೋಣಿ ಇದ್ದಂಗಿದೆ. ಒಗಿಯೋಕೆ ಕಳಿಸಿದ್ದೀಯ ಅಂತ ನೆನೆಹಾಕಿದ್ದೀನಿ."

ಕಾನ್ ಹಣೆ ಹಿಡಿದುಕೊಳ್ಳುತ್ತಾನೆ. ಯಾವುದಾದರೂ ಬಸ್ಸಿಗೆ ಕೊಟ್ಟು ಕಳಿಸು ಎನ್ನುತ್ತಾನೆ.

"ಬಸ್ಸಿಗೆ ಕೊಟ್ಟಿದ್ದಕ್ಕೇ ತಾನೆ ಇಷ್ಟಾಗಿದ್ದು. ನಾನೇ ತರ್ತೀನಿ."

"ಘಾಟಿ ರಸ್ತೆ ಕಣೇ. ಲಾರಿಗಳು ಹೆಂಗೆ ಬರ್ತವೆ ಗೊತ್ತಾ? ಬೇಡ."

"ನೀನು ಯಾವಾಗ್ಲೂ ಬರೋ ದಾರಿ ತಾನೇ," ಎಂದು ಅವಳು ಫೋನ್ ಇಡುತ್ತಾಳೆ.

ಊರೊಳಗೆ, ದಡದಲ್ಲಿ ಸ್ಕೂಟರ್ ಓಡಿಸಿದ್ದು ಬಿಟ್ಟರೆ ಅವಳು ಎರಡೂ ಊರುಗಳ ನಡುವಿನ ಕೂ ಮೋಂಗ್ ಘಾಟಿ ಹತ್ತಿದವಳೇ ಅಲ್ಲ. ಅವಳಿಗೂ ಭಯ, ಇವನಿಗೂ ಭಯ. ನಿಲ್ದಾಣದ ಹೋಟೆಲಿನಲ್ಲಿ ನಾವು ಮೂವರೂ ಮೀನಿನ ಶಾವಿಗೆ ಸಾರಿನ ಮುಂದೆ ಕೂರುತ್ತೇವೆ. ಯೋರಿಸ್ ಎರಡು ಬಟ್ಟಲು ಮುಗಿಸುತ್ತಾನೆ. ಕಾನ್ ಚಮಚವನ್ನೂ ಮುಟ್ಟದೆ ಗೇಟಿಗೂ ಮೇಜಿಗೂ ಓಡಾಡುತ್ತಾನೆ. ಪ್ರತಿ ಲಾರಿ ಬಂದಾಗಲೂ ಡ್ರೈವರನ್ನು ನಿಲ್ಲಿಸಿ, ಘಾಟಿಯಲ್ಲಿ ಏನಾದರೂ ಆಗಿದೆಯಾ ಎಂದು ಕೇಳುತ್ತಾನೆ.

ಕೊನೆಗೂ ಮಿಯೆನ್ ಬರುತ್ತಾಳೆ. ಗಾಳಿಗೆ ಆರಲೆಂದು ಸ್ಕೂಟರಿನ ಎರಡು ಹಿಡಿಗೂ ಒಂದೊಂದು ಬೂಟು ಕಟ್ಟಿದ್ದಾಳೆ. ಆರಿಲ್ಲ. ಯೋರಿಸ್ ಅವನ್ನೇ ಹಾಕಿಕೊಂಡು, ಬಗ್ಗಿ ಅವಳಿಗೆ ಕೈಮುಗಿದು, ಹೆಜ್ಜೆಗೊಮ್ಮೆ ನೀರು ಹಿಂಡುತ್ತಾ ತನ್ನ ಬಸ್ಸಿನತ್ತ ಹೋಗುತ್ತಾನೆ.

ಕಾನ್ ಹೆಂಡತಿಗೆ ಬಿಸಿ ಬಟ್ಟಲು ತರಿಸುತ್ತಾನೆ. ಅವಳು ಎರಡು ತುತ್ತು ತಿಂದ ಮೇಲೆ ಹೇಳಿಬಿಡುತ್ತಾನೆ.

"ಮುಂದಿನ ತಿಂಗಳಿಂದ ಬಸ್ಸು ನಮ್ಮೂರ ಮೇಲೆ ಬರಲ್ಲ."

"ಗೊತ್ತು," ಎನ್ನುತ್ತಾಳೆ ಮಿಯೆನ್. "ಊರಿಗೆಲ್ಲ ಗೊತ್ತು. ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ."

ಅವನು ತಲೆ ಬಗ್ಗಿಸುತ್ತಾನೆ. ಅವಳು ತನ್ನ ಬಟ್ಟಲಿನ ಮೀನಿನ ತುಂಡೊಂದನ್ನು ಅವನ ಬಟ್ಟಲಿಗೆ ಹಾಕುತ್ತಾಳೆ. "ಎರಡು ಗಂಟೆ ಬೇಗ ಬರುತ್ತಂತಲ್ಲ. ಆ ಹೊತ್ತು ಏನ್ಮಾಡ್ತೀಯ?"

"ಮಲಗ್ತೀನಿ."

"ಮಲಗು. ಭಾನುವಾರ ಮೇವು ಹಾಕೋ ಕೆಲಸ ಇಲ್ಲ, ನಾನು ಬಂದು ಎಬ್ಬಿಸ್ತೀನಿ. ಬಟ್ಟೇನೂ ಇಲ್ಲೇ ಕೊಡು. ಘಾಟಿ ಏನು ಅಷ್ಟು ದೊಡ್ಡದಲ್ಲ, ನೀನು ಸುಮ್ಮನೆ ಹೆದರಿಸಿದ್ದೆ."

ಕಾನ್ ತಣ್ಣಗಾದ ಸಾರನ್ನು ಬಟ್ಟಲೆತ್ತಿ ಪೂರ್ತಿ ಕುಡಿಯುತ್ತಾನೆ. ನಾನು ಚಹಾ ತರಿಸಿಕೊಳ್ಳುತ್ತೇನೆ.

ಮಿಯೆನ್ ಸ್ಕೂಟರ್ ಹತ್ತಿ ಹೊರಟ ಮೇಲೆ, ಪತ್ರಿಕೆಗೆ ನಿನ್ನ ಬಗ್ಗೆ ಮುಖ್ಯವಾಗಿ ಏನು ಬರೆಯಲಿ ಎಂದು ಕಾನ್‌ನನ್ನು ಕೇಳುತ್ತೇನೆ. ಅವಳು ಗೇಟು ದಾಟಿ, ಲಾರಿಯೊಂದನ್ನು ಹಿಂದೆ ಹಾಕಿ, ತಿರುವಿನಲ್ಲಿ ಮರೆಯಾಗುವವರೆಗೂ ಅವನು ನೋಡುತ್ತಲೇ ನಿಂತಿರುತ್ತಾನೆ.

"ನನ್ನದೇನಿದೆ ಅಕ್ಕ," ಎನ್ನುತ್ತಾನೆ. "ಜಾಗ ಇದ್ರೆ ಬರೀರಿ, ನಮ್ಮನೆಯವಳು ಒಬ್ಬಳೇ ಘಾಟಿ ಹತ್ತಿ ಬಂದ್ಲು ಅಂತ."