ಅರ್ಥ ಹೇಳಂದರು, ಹೇಳಿದೆ

ನಾನು ಆಳಂದದಲ್ಲಿ ಬಿ.ಎ. ಎರಡನೇ ವರ್ಷ ಓದುವಾಗ ಇಂಗ್ಲಿಷ್ ಪಠ್ಯಪುಸ್ತಕ ದೀಪಾವಳಿಯಾದರೂ ಬರಲಿಲ್ಲ. ಗೈಡು ಮಾತ್ರ ಮಳೆಗಾಲದಲ್ಲೇ ಬಂದು ಕೂತಿತ್ತು. ನಮಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಪುಸ್ತಕದ ಮುಖ ನೋಡದೆ ಪಾಸಾಗುವುದರಲ್ಲಿ ನಾವೆಲ್ಲ ಪಳಗಿದವರು. ತೊಂದರೆಯಾದದ್ದು ಆ ವರ್ಷ ಮೈಸೂರು ಕಡೆಯಿಂದ ಹೊಸದಾಗಿ ಬಂದ ಇಂಗ್ಲಿಷ್ ಮೇಡಂಗೆ. "ಗೈಡ್ ಇಟ್ಟುಕೊಂಡು ನಾನು ಪಾಠ ಮಾಡೋದಿಲ್ಲ" ಅಂದರು. ಮರುದಿನ ಒಂದು ಚೀಲದ ತುಂಬ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಹೊತ್ತುಕೊಂಡು ಬಂದು, ಎಲ್ಲರಿಗೂ ಹಂಚಿ, ಸುದ್ದಿ ಬಿಟ್ಟು ಜಾಹೀರಾತು ಓದಿ ಅಂದರು.

ನಮಗೆ ನಗು. ಪಕ್ಕದಲ್ಲಿದ್ದ ಗೆಳತಿ ನನ್ನ ಕಿವಿಯಲ್ಲಿ, "ಈ ಮೇಡಂಗ ಸಿಲೆಬಸ್ ಯಾರೂ ಹೇಳಿಲ್ಲ ಕಾಣಸ್ತದ ಬೇ" ಅಂದಳು. ಮೇಡಂ ಬೋರ್ಡಿನ ಮೇಲೆ ಎರಡೇ ಪ್ರಶ್ನೆ ಬರೆದರು. ಇದು ಏನು ಹೇಳುತ್ತಿದೆ? ಏನನ್ನು ಹೇಳದೆ ಬಿಟ್ಟಿದೆ?

ಆ ಎರಡನೆಯ ಪ್ರಶ್ನೆ ನನಗೆ ಅಂಟಿಕೊಂಡಿತು. ನಮ್ಮ ಊರಿಂದ ಆಳಂದಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು, ದಾರಿಯುದ್ದಕ್ಕೂ ಗೋಡೆಗಳು ಮಾತಾಡತೊಡಗಿದವು. ಒಂದು ಗೋಡೆಯ ಮೇಲೆ ಗೊಬ್ಬರದ ಚೀಲ ಹೊತ್ತು ನಗುವ ರೈತ. ಅವನ ಧೋತರಕ್ಕೆ ಒಂದು ಚೂರೂ ಎರೆಮಣ್ಣು ಹತ್ತಿಲ್ಲ. ನಮ್ಮ ಅಪ್ಪ ತೊಗರಿ ಹೊಲದಿಂದ ಬಂದರೆ ಅವ್ವ ಮೊದಲು ಬೈಯುವುದೇ ಅವನ ಧೋತರಕ್ಕೆ. ಸಿನಿಮಾದವರ ಟಾಂಗಾ ಮೈಕು ಕಟ್ಟಿಕೊಂಡು "ಇಂದೇ ಕೊನೆಯ ದಿನ" ಎಂದು ಕೂಗುತ್ತಿತ್ತು, ಮರುವಾರವೂ ಅದೇ ಸಿನಿಮಾಕ್ಕೆ ಅದೇ ಕೊನೆಯ ದಿನ. ಪೋಸ್ಟರಿನಲ್ಲಿ ಕೆಟ್ಟ ಹೆಂಗಸು ಯಾವಾಗಲೂ ಕೂದಲು ಬಿಟ್ಟುಕೊಂಡಿರುತ್ತಾಳೆ, ಒಳ್ಳೆಯವಳು ಸೆರಗು ಹೊದ್ದಿರುತ್ತಾಳೆ, ಯಾಕೆ ಎಂದು ಮೇಡಂ ಕೇಳಿದಾಗ ಹುಡುಗರೆಲ್ಲ ತಲೆ ತಗ್ಗಿಸಿದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಇಂಗ್ಲಿಷಿನಲ್ಲಿ ಹೇಳಬೇಕು ಅನ್ನಿಸುವಂಥದ್ದೇನೋ ನನ್ನ ಬಳಿ ಇದೆ ಅಂತ ಗೊತ್ತಾದದ್ದು ಆಗಲೇ. ಆ ಸಂತೋಷ ಎಂಥದ್ದು ಅಂತ ಹೇಗೆ ಹೇಳಲಿ, ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಮೇಡಂ ಇನ್ನೊಂದು ಪಾಠ ತೆಗೆದರು. ಮುಂದೆ ಬರಬಹುದಾದ ಕೆಟ್ಟ ಕಾಲವನ್ನು ಈಗಲೇ ಊಹಿಸಿ ಹೆದರಿಸುವ ಕಥೆಗಳಿರುತ್ತವೆ, ಅಂಥದ್ದೊಂದನ್ನು ಓದೋಣ ಅಂದರು. ಪುಸ್ತಕ ಎಲ್ಲಿಂದ ತರಬೇಕು? ತಾವೇ ಒಂದು ಕಥೆ ಬರೆದು ತಂದಿದ್ದರು. ಒಂದು ಊರು. ಅಲ್ಲಿ ಮನೆಯೊಳಗೇ ನಳ, ಯಾವ ಹೊತ್ತಿಗೂ ನೀರು. ಕರೆಂಟ್ ಹೋಗುವುದೇ ಇಲ್ಲ. ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ, ಎಲ್ಲರಿಗೂ ಕೂರಲು ಜಾಗ. ಯಾರು ಏನು ಬೇಕಾದರೂ ಓದಬಹುದು. ಒಂದೇ ಕಾಯಿದೆ, ಓದಿದ್ದಕ್ಕೆ ಅರ್ಥ ಏನು ಎಂದು ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ, ಹೇಳುವಂತಿಲ್ಲ.

ಓದಿ ಮುಗಿಸಿ ಮೇಡಂ ನಮ್ಮ ಮುಖ ನೋಡಿದರು. ನಾವು ಹೆದರಿರುತ್ತೇವೆ ಅಂದುಕೊಂಡಿದ್ದರು ಪಾಪ.

"ಮೇಡಂ, ಆ ಊರಿಗಿ ಬಸ್ಸು ಎಲ್ಲಿಂದ ಬಿಡ್ತದ್ರಿ?" ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

"ನಾವೂ ಎಲ್ಲಿ ಅರ್ಥ ಕೇಳ್ತೀವ್ರಿ? ಗೈಡಿನಾಗಿದ್ದದ್ದು ಬರೀತೀವಿ. ನೀರಾದ್ರೂ ಸಿಗ್ತದಲ್ರಿ ಅಲ್ಲಿ!" ಅಂದ ಇನ್ನೊಬ್ಬ.

ಮೇಡಂ ಬೆರಗಾಗಿ, "ಯಾರ್ಯಾರು ಹೋಗ್ತೀರಿ ಆ ಊರಿಗೆ? ಕೈ ಎತ್ತಿ" ಅಂದರು. ಇಡೀ ಕ್ಲಾಸು ಕೈ ಎತ್ತಿತು. ನನ್ನ ಕೈ ಎಲ್ಲರಿಗಿಂತ ಮೊದಲು. ಬೆಳಿಗ್ಗೆ ಬಾವಿಯಿಂದ ನೀರು ಸೇದಿ ಹೊತ್ತು, ಅವ್ವ ಕಟ್ಟಿದ ಬುತ್ತಿ ಹಿಡಿದು ಬಸ್ಸಿನಲ್ಲಿ ನಿಂತು ಬಂದವಳು ನಾನು. ಮೈಸೂರಿನವರಿಗೆ ಏನು ಗೊತ್ತು ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು.

ಅದೇ ತಿಂಗಳು ನನಗೆ ಸೊಲ್ಲಾಪುರದ ಸಂಬಂಧ ಬಂತು. ತಂದವಳು ಅಪ್ಪನ ಅಕ್ಕ, ನಮ್ಮ ಸೋದರತ್ತೆ. ಹುಡುಗನದು ಬಟ್ಟೆ ಅಂಗಡಿ. ಯುಗಾದಿಯೊಳಗೆ ಮದುವೆ ಆಗಬೇಕು, ಆಮೇಲೆ ಓದುವ ಮಾತು ಎತ್ತಬಾರದು, ಅವರದು ಇಷ್ಟೇ ಶರತ್ತು. ಪರೀಕ್ಷೆ ಇದ್ದದ್ದು ಯುಗಾದಿಯ ನಂತರ. "ಬಿ.ಎ. ಒಂದು ಮುಗಸ್ತೇನಿ ಅಪ್ಪಾ" ಎಂದು ನಾನು ಅಳುತ್ತ ಬೇಡಿಕೊಂಡೆ. ಅಪ್ಪ, "ಮಂದಿ ಚೊಲೋ ಅದಾರ ಮಗಳ, ಓದಿ ಏನ್ ಮಾಡ್ತಿ?" ಅಂದ. ಕೆಟ್ಟವನಲ್ಲ ನಮ್ಮಪ್ಪ, ನನ್ನ ಒಳ್ಳೆಯದನ್ನೇ ನೋಡುತ್ತಿದ್ದ. ಸೋದರತ್ತೆ ಎದುರಿಗೆ ಕೂತು ಬೆರಳು ಮಡಚುತ್ತ ವರ್ಣಿಸಿದಳು, "ಮನಿಯಾಗೇ ನಳ ಅದ. ಕರೆಂಟ್ ಹೋಗೂದಿಲ್ಲ. ಬಾವಿಗಿ ಹೋಗೂದಿಲ್ಲ, ಹೊಲಕ್ಕ ಹೋಗೂದಿಲ್ಲ. ರಾಣಿ ಇದ್ದಂಗ ಇರ್ತಿ. ಬಾಯಿ ಮುಚ್ಚಿಕೊಂಡು ಇದ್ರ ಸಾಕು." ಮೇಡಂ ಬರೆದ ಕಥೆಗೆ ನಾನು ಹೆದರಿದ್ದು ಆವತ್ತು.

ಒಂದು ಭಾನುವಾರ ನೋಡಲು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಮಂಡಕ್ಕಿಯ ಸುಸಲಾ, ಚಹಾ ಆಯಿತು. ನಾನು ಸೆರಗು ಹೊದ್ದು ಜಮಖಾನೆಯ ಮೇಲೆ ಕೂತೆ. ಅಡಿಗೆ ಏನೇನು ಬರುತ್ತದೆ ಕೇಳಿದರು, ಹೇಳಿದೆ. ಒಂದು ವಚನ ಹೇಳು ಅಂದರು, ಅದನ್ನೂ ಹೇಳಿದೆ. ಕಾಲೇಜು ಕಲಿತ ಹುಡುಗಿಯಾದರೆ ಆಗ ಇನ್ನೊಂದು ಪರೀಕ್ಷೆ ಇರುತ್ತಿತ್ತು, ಇಂಗ್ಲಿಷ್ ಓದಿಸಿ ನೋಡುವುದು. ಸೋದರಮಾವ ಅದಕ್ಕೆಂದೇ ಕೈಚೀಲದಲ್ಲಿ ಪೇಪರು ತಂದಿದ್ದ. ಅವನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ ಅಂತ ಕಾಣುತ್ತದೆ, ಎಲ್ಲಕ್ಕಿಂತ ದಪ್ಪ ಅಕ್ಷರ ಎಲ್ಲಿದೆಯೋ ಅದೇ ದೊಡ್ಡ ಸುದ್ದಿ ಎಂದು ಬೆರಳಿಟ್ಟು ತೋರಿಸಿದ. ಅದು ಕುಕ್ಕರಿನ ಜಾಹೀರಾತು.

ಗಟ್ಟಿಯಾಗಿ ಓದಿದೆ. "ಶಾಬಾಸ್! ಈಗ ಅರ್ಥ ಹೇಳು ತಂಗಿ" ಅಂದ.

"ಈ ಸೊಸಿ ಬಂದ ಮ್ಯಾಲ ಮನಿ ಮಂದಿಯೆಲ್ಲ ಸುಖವಾಗಿ ಅದಾರ ಅಂತ ಬರದಾರ್ರಿ" ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕೈಯಲ್ಲಿ ಜಾಹೀರಾತು, ಎದುರಿಗೆ ಅರ್ಥ ಕೇಳುವವರು. ಬಾಯಿ ತಾನೇ ಮುಂದುವರಿಯಿತು. "ಹೇಳಲಾರದ್ದೂ ಒಂದು ಅದ್ರಿ ಇದರಾಗ. ಚಿತ್ರ ನೋಡ್ರಿ, ಎಲ್ಲಾರೂ ಕುಂತು ಉಣ್ಣಾಕತ್ತಾರ, ಸೊಸಿ ಒಬ್ಬಾಕಿನೇ ನಿಂತಾಳ. ಆಕಿ ಉಣ್ಣೂ ಗಂಗಾಳ ಎಲ್ಲೂ ಇಲ್ಲ. ಆಕಿಗೂ ಸುಖ ಆಗ್ಯಾದೇನು ಅಂತ ಯಾರೂ ಕೇಳಿಲ್ಲ."

ಹುಡುಗ ಒಬ್ಬನೇ ಕತ್ತು ಚಾಚಿ ಚಿತ್ರ ನೋಡಿದ. ಅವನ ತಾಯಿ ಸೆರಗು ಸರಿಮಾಡಿಕೊಂಡು, "ಏಳ್ರಿ, ಬಸ್ಸಿನ ಟೈಮ್ ಆತು" ಅಂದಳು.

ಅವರು ಹೊಸ್ತಿಲು ದಾಟಿದ್ದೇ ತಡ, ಸೋದರತ್ತೆ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಮನೆತನದ ಮರ್ಯಾದೆ ಹೋಯಿತು, ಇನ್ನು ಈಕೆಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಓಣಿಗೆಲ್ಲ ಕೇಳುವಂತೆ ಅರಚಿದಳು. ಅಪ್ಪ ಕಂಬಕ್ಕೆ ಒರಗಿ ಕೂತಿದ್ದ. "ನಾಳಿಂದ ಕಾಲೇಜ್ ಬಂದ್" ಅಂದ. ಕೂಗಲಿಲ್ಲ, ಮೆಲ್ಲಗೆ ಅಂದ. ಅದಕ್ಕೇ ನನ್ನ ಎದೆ ಒಡೆಯಿತು. ಸಂಬಂಧ ತಪ್ಪಿತು ಎಂದು ಒಂದು ಗಳಿಗೆ ಖುಷಿಪಟ್ಟಿದ್ದೆ, ಈಗ ಓದೂ ಹೋಯಿತು.

ಅಷ್ಟು ಹೊತ್ತು ಅವ್ವ ಒಳಗೆ ಚಹಾದ ಕಪ್ಪು ತೊಳೆಯುತ್ತಿದ್ದಳು. ಅಪ್ಪನ ಮಾತಿಗೆ ಎದುರಾಡಿದವಳೇ ಅಲ್ಲ. ಒದ್ದೆ ಕೈಯಲ್ಲೇ ಹೊರಗೆ ಬಂದು ನಿಂತಳು.

"ಅವರು ಅರ್ಥ ಕೇಳಿದ್ರು, ಆಕಿ ಹೇಳಿದಳು. ತಪ್ಪೇನದ್ರಿ?"

"ನೀ ಒಳಗ ನಡಿ" ಅಂದ ಅಪ್ಪ.

ಅವ್ವ ಹೋಗಲಿಲ್ಲ. "ನೀವು ನನ್ನ ನೋಡಾಕ ಬಂದಾಗ ನಿಮ್ಮ ಕಾಕಾ ನನ್ನ ಕೈಯಾಗೂ ಒಂದು ಪೇಪರ್ ಕೊಟ್ಟು, ಓದು ಅಂದಿದ್ರು. ನನಗೆಲ್ಲಿ ಓದಾಕ ಬರ್ತದ. ತಲಿಕೆಳಗ ಹಿಡಕೊಂಡು ಕುಂತಿದ್ದೆ. ನೀವೆಲ್ಲಾರೂ ನಕ್ರಿ. ನಕ್ಕು, ಹುಡುಗಿ ಚೊಲೋ ಅದಾಳ ಅಂತ ಒಪ್ಪಿದ್ರಿ." ಅವ್ವ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. "ಆ ನಗಿ ನಾ ಇನ್ನೂ ಮರ್ತಿಲ್ರಿ."

ಅಪ್ಪ ತಲೆ ತಗ್ಗಿಸಿದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ. ಬಾಗಿಲ ಬಳಿ ನಿಂತು, ನಮ್ಮಿಬ್ಬರ ಕಡೆಗೂ ನೋಡದೆ, "ನಾಳಿಗಿ ಆಕಿಗಿ ಬುತ್ತಿ ಕಟ್ಟು" ಅಂದ.