ಹಪ್ಪಳದ ಪಕ್ಕದಲ್ಲಿ ಒಣಗಿದ ರಬ್ಬರ್ ರಿಂಗ್

2022ರ ಏಪ್ರಿಲ್‌ಗೆ ಶಿರಸಿಯಲ್ಲಿ ನನ್ನ ಗ್ಯಾರೇಜಿಗೆ ಹನ್ನೊಂದು ವರ್ಷ ತುಂಬಿತ್ತು. ಬೋರ್ಡಿನ ಮೇಲೆ ಹೆಸರಿನ ಪಕ್ಕದಲ್ಲಿ ‘ಬಿ.ಇ., ಮೆಕ್ಯಾನಿಕಲ್’ ಎಂದು ಬರೆಸಿದ್ದೇನೆ. ಗ್ಯಾರೇಜಿಗೆ ಡಿಗ್ರಿ ಏಕೆ ಎಂದು ನಗುವವರಿದ್ದಾರೆ. ನಗಲಿ. ನನ್ನಪ್ಪ ಮರ ಕೊಯ್ಯುತ್ತಿದ್ದವರು, ಹೆಬ್ಬೆಟ್ಟು ಒತ್ತಿ ನನ್ನನ್ನು ಹಾಸ್ಟೆಲಿಗೆ ಸೇರಿಸಿದವರು. ಎರಡು ವಿಷಯಗಳಲ್ಲಿ ಫೇಲಾಗಿ, ಮತ್ತೆ ಕಟ್ಟಿ, ಪಾಸು ಮಾಡಿ ತಂದ ಡಿಗ್ರಿ ಅದು. ಪೆಟ್ಟಿಗೆಯಲ್ಲಿ ಮಡಚಿಡಲು ನನಗೆ ಮನಸ್ಸಿಲ್ಲ.

ಒಂದು ಬೆಳಿಗ್ಗೆ ಎಂಟೂವರೆಗೆ ಮಂಚಿಕೇರಿ ಕಡೆಯಿಂದ ಪಾರ್ವತಕ್ಕನ ಫೋನು ಬಂತು. ಅವರು ಅಲ್ಲಿನ ಒಂದು ಮಹಿಳಾ ಸಂಘದ ಅಧ್ಯಕ್ಷೆ. ಹಲಸಿನ ಹಪ್ಪಳ ಮಾಡಿ ಮಾರುವುದು ಸಂಘದ ಕೆಲಸ. ಅವರ ಇಪ್ಪತ್ತು ವರ್ಷದ ಹಳೆಯ ಪೆಟ್ರೋಲ್ ಕಾರಿಗೆ ನಾನೇ ವೈದ್ಯ.

“ತಮಾ, ಕಾರು ಚಾಲೂ ಆಗ್ತಿಲ್ಲೆ. ಕೀಲಿ ತಿರುಗಿಸಿರೆ ಕೊಂಯ್ ಕೊಂಯ್ ಹೇಳ್ತು, ಅಷ್ಟೇಯ. ಇವತ್ತು ಐದು ಗಂಟೆ ಒಳಗೆ ಎರಡು ಸಾವಿರ ಹಪ್ಪಳ ಶಿರಸಿಗೆ ಮುಟ್ಟವು.”

ಮುಟ್ಟಲೇಬೇಕಿತ್ತು, ಅದು ಸಂಘದ ಮೊದಲ ದೊಡ್ಡ ಆರ್ಡರ್. ಆರ್ಡರ್ ಕೊಟ್ಟ ಶಿರಸಿಯ ಅಂಗಡಿಯವರು ಸಂಜೆ ಐದಕ್ಕೆ ಪಾರ್ಸೆಲ್ ಕಳಿಸುವವರಿದ್ದರು. ತಪ್ಪಿದರೆ ಬೇರೆಯವರಿಂದ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಹೇಳಿಬಿಟ್ಟಿದ್ದರು. ಹಿಂದಿನ ವರ್ಷ ಗೂಡ್ಸ್ ರಿಕ್ಷಾದಲ್ಲಿ ಕಳಿಸಿದ ಹಪ್ಪಳ ಪುಡಿಯಾಗಿ ತಲುಪಿತ್ತು. ಹಾಗಾಗಿ ಹಿಂದಿನ ಸೀಟಿನ ಮೇಲೆ ಕೌದಿ ಹಾಸಿ, ಕಾರಿನಲ್ಲೇ ಒಯ್ಯಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು.

ಫೋನಿನಲ್ಲೇ ನನಗೆ ಅನುಮಾನ ಬಂತು. ಇಂಥ ಕಾರುಗಳಲ್ಲಿ ಫ್ಯುಯೆಲ್ ಪಂಪ್ ಪೆಟ್ರೋಲ್ ಟ್ಯಾಂಕಿನ ಒಳಗೇ ಇರುತ್ತದೆ. ಕೀಲಿ ತಿರುಗಿಸಿದ ತಕ್ಷಣ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡ್ ‘ಗುಂಯ್’ ಎನ್ನುವ ಸದ್ದು ಬರಬೇಕು. “ಅಕ್ಕಾ, ಸೀಟಿಗೆ ಕಿವಿ ಇಟ್ಟು ಕೇಳಿ” ಎಂದೆ. “ಎಂತದೂ ಇಲ್ಲೆ” ಎಂದರು. ಬಿಡಿಭಾಗದ ಅಂಗಡಿಯ ಬಾಗಿಲು ತೆಗೆಸಿ ಹೊಸ ಪಂಪ್ ಕೊಂಡು, ಬೈಕಿನಲ್ಲಿ ಸುಮಾರು ಮೂವತ್ತು ಕಿಲೋಮೀಟರ್ ಹೋಗಿ ಹತ್ತೂವರೆಗೆ ತಲುಪಿದೆ. ಮಲ್ಟಿಮೀಟರ್ ಹಿಡಿದು ನೋಡಿದೆ. ಪಂಪಿನ ತಂತಿಗೆ ಹನ್ನೆರಡು ವೋಲ್ಟ್ ಬರುತ್ತಿತ್ತು, ಪಂಪ್ ಮಾತ್ರ ಅಲುಗಲಿಲ್ಲ. ಸತ್ತದ್ದು ಪಂಪೇ.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಸೀಟು ಎತ್ತುವಾಗ ಹೊಗೆಯ ವಾಸನೆ ಬಂತು. ಕಾರು ನಿಂತ ಹೆಂಚಿನ ಮಾಡಿಗೆ ಹತ್ತೇ ಹೆಜ್ಜೆ ದೂರದಲ್ಲಿ ಬಚ್ಚಲೊಲೆ ಧಗಧಗ ಉರಿಯುತ್ತಿತ್ತು. ಕಾರನ್ನು ದೂರ ತಳ್ಳೋಣವೆಂದರೆ ಅಂಗಳದ ತುಂಬ ಕೊನೆಯ ಮುನ್ನೂರು ಹಪ್ಪಳ ಒಣಗುತ್ತಿದ್ದವು.

“ಮೊದ್ಲು ಆ ಒಲೆ ಆರ್ಸಿ. ಅಡಿಗೆ ಮನೆದೂ ಸೇರಿ” ಎಂದೆ.

ಪಾರ್ವತಕ್ಕನ ಅತ್ತೆ, ಎಂಬತ್ತು ದಾಟಿದ ಗಂಗಜ್ಜಿ, ಒಲೆಯ ಮುಂದೆ ಕಾವಲುಗಾರರಂತೆ ನಿಂತರು. “ಆನು ಮದ್ವೆಯಾಗಿ ಬಂದಮೇಲೆ ಈ ಒಲೆ ಒಂದಿನ ಆರಿದ್ದಿಲ್ಲೆ. ಹದಿನಾರು ವರ್ಷ ಓದಿಕ್ಯಂಡು ಬಂದವಂಗೆ ಬಚ್ಚಲೊಲೆ ಕಂಡ್ರೆ ಹೆದರಿಕೆಯನಾ?”

“ಹೆದರೂದೇ ಅಜ್ಜಿ, ಓದಿದ್ದಕ್ಕೇ ಹೆದರೂದು. ಟ್ಯಾಂಕಿನ ಬಾಯಿ ತೆಗೆದ್ರೆ ಪೆಟ್ರೋಲ್ ಹಬೆ ನೆಲದ ಮೇಲೇ ಹರ್ಕಂಡು ಹೋಗ್ತದೆ. ಒಂದು ಕಿಡಿ ಸಿಕ್ರೆ ನಾನೂ ಇಲ್ಲ, ನಿಮ್ಮ ಬಚ್ಚಲೂ ಇಲ್ಲ.”

ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಪಾರ್ವತಕ್ಕ ದಾರಿ ತೋರಿಸಿದರು. “ಅತ್ತೆ, ಕೆಂಡ ಪಕ್ಕದ ಮನೆ ಒಲೆಗೆ ಹಾಕಿಡನ. ಸಂಜಿಗೆ ವಾಪಸ್ ತಂದ್ರಾತು.” ಅಜ್ಜಿ ತೆಂಗಿನ ಕರಟದಲ್ಲಿ ಕೆಂಡ ತುಂಬಿ, ಬೂದಿ ಮುಚ್ಚಿ, ಹಸುಗೂಸನ್ನು ಒಯ್ಯುವಂತೆ ಒಯ್ದರು. ಹೋಗುವಾಗ ನನ್ನನ್ನು ನೋಡಿದ ನೋಟಕ್ಕೆ ಕಿಡಿಯೇ ಬೇಕಿರಲಿಲ್ಲ.

ಆಮೇಲಿನ ಕೆಲಸ ಸಲೀಸು. ಮುಚ್ಚಳ ಬಿಚ್ಚಿ, ಪೈಪು ಕಳಚಿ, ಹಳೆಯ ಪಂಪನ್ನು ಮೇಲೆತ್ತಿದೆ. ಟ್ಯಾಂಕಿನ ಬಾಯಿಗೂ ಪಂಪಿನ ಮುಚ್ಚಳಕ್ಕೂ ನಡುವೆ ಅಂಗೈ ಅಗಲದ ಒಂದು ರಬ್ಬರ್ ರಿಂಗ್ ಇರುತ್ತದೆ. ಹಬೆ ಹೊರಗೆ ಬಾರದಂತೆ ತಡೆಯುವುದು ಅದೇ. ಹೊಸ ಪಂಪಿನ ಡಬ್ಬಿಯಲ್ಲಿ ಹೊಸ ರಿಂಗ್ ಇದ್ದೇ ಇರುತ್ತದೆ ಎಂದು ನಾನು ನಂಬಿದ್ದೆ, ಬಿಚ್ಚಿ ನೋಡಿರಲಿಲ್ಲ. ಡಬ್ಬಿ ತೆರೆದರೆ ರಿಂಗ್ ಇಲ್ಲ. ಇರಲಿ, ಹಳೆಯದನ್ನೇ ಹಾಕೋಣ ಎಂದು ಅದರ ಕೊಳೆ ಹೋಗಲು ಬಟ್ಟಲು ಪೆಟ್ರೋಲಿನಲ್ಲಿ ನೆನೆಹಾಕಿದೆ. ಇಡೀ ದಿನದ ದಡ್ಡತನ ಅದೊಂದೇ, ಆದರೆ ಇಡೀ ದಿನಕ್ಕೆ ಸಾಕಾಗುವಷ್ಟಿತ್ತು.

ಕಾಲು ಗಂಟೆಯ ನಂತರ ತೆಗೆದರೆ ರಿಂಗ್ ಉಬ್ಬಿಕೊಂಡಿತ್ತು. ಈ ಕಡೆ ಕೂರಿಸಿದರೆ ಆ ಕಡೆ ಏಳುತ್ತಿತ್ತು. ಅದಿಲ್ಲದೆಯೂ ಕಾರು ಓಡೀತು, ಆದರೆ ಹಪ್ಪಳ ಕೂರುವುದು ಸರಿಯಾಗಿ ಅದರ ಮೇಲೆ. ಶಿರಸಿ ಮುಟ್ಟುವಷ್ಟರಲ್ಲಿ ಎರಡು ಸಾವಿರ ಹಪ್ಪಳಕ್ಕೂ ಪೆಟ್ರೋಲ್ ಒಗ್ಗರಣೆ ಬಿದ್ದಿರುತ್ತಿತ್ತು. ಶಿರಸಿಗೆ ಹೋಗಿ ರಿಂಗ್ ತರೋಣವೆಂದರೆ ಬಿಡಿಭಾಗದ ಅಂಗಡಿ ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ನಾಲ್ಕಕ್ಕೇ ತೆರೆಯುವುದು. ಗಂಟೆ ಹನ್ನೆರಡೂವರೆ.

ಸಂಘದ ಹೆಂಗಸರು ಸುತ್ತ ಸೇರಿದರು. ಒಬ್ಬರು ಹಲಸಿನ ಮೇಣ ಹಚ್ಚು ಎಂದು ಭರವಸೆ ಕೊಟ್ಟರು. “ಮೇಣ ಹಚ್ಚಿರೆ ಬ್ರಹ್ಮ ಬಂದ್ರೂ ಬಿಡಿಸಲೆ ಆಗ್ತಿಲ್ಲೆ.” ಮುಂದಿನ ಸಲ ಬಿಡಿಸಬೇಕಾದವನು ಬ್ರಹ್ಮನಲ್ಲ, ನಾನು ಎಂದೆ.

ಆಗ ಗಂಗಜ್ಜಿ ರಿಂಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. “ಇದು ಪೆಟ್ರೋಲ್ ಕುಡ್ದು ಉಬ್ಬಿದ್ದು. ಬಿಸಿಲಿಗೆ ಹಾಕು, ಮುದುಡ್ತು.”

“ಅಜ್ಜೀ, ಅದು ಹಪ್ಪಳ ಅಲ್ಲ, ನೈಟ್ರೈಲ್ ರಬ್ಬರ್.”

“ಯಾವ ಕುಲದ್ದಾದ್ರೂ ಬಿಸಿಲು ಒಂದೇಯ.”

ರಬ್ಬರ್ ಪೆಟ್ರೋಲಿನಂಥ ದ್ರಾವಕ ಹೀರಿ ಉಬ್ಬುತ್ತದೆ, ದ್ರಾವಕ ಆರಿದರೆ ಕುಗ್ಗುತ್ತದೆ ಎಂಬ ಪಾಠ ಆಗ ನೆನಪಾಯಿತು. ನಾನು ಫೇಲಾದ ಎರಡು ವಿಷಯಗಳಲ್ಲಿ ಒಂದರಲ್ಲಿ ಅದಿತ್ತು. ಟ್ಯಾಂಕಿನ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ರಿಂಗನ್ನು ಅಂಗಳದ ಕಲ್ಲಿನ ಮೇಲಿಟ್ಟೆ. ಹಪ್ಪಳದಿಂದ ನಾಲ್ಕು ಮಾರು ದೂರ ಇಡಬೇಕು ಎಂದು ಅಜ್ಜಿಯ ಆಜ್ಞೆಯಾಯಿತು. ಊಟಕ್ಕೆ ಮೊಸರವಲಕ್ಕಿ. ಎರಡು ಸಾವಿರ ಹಪ್ಪಳ ಇದ್ದ ಮನೆಯಲ್ಲಿ ಒಂದನ್ನೂ ಕರಿಯುವಂತಿರಲಿಲ್ಲ, ಒಲೆ ಆರಿಸಿದವನೇ ನಾನು.

ಅರ್ಧ ಗಂಟೆಗೆ ನಾನು ರಿಂಗ್ ಎತ್ತಲು ಹೋದೆ. ಅಜ್ಜಿ ಕಾಗೆ ಓಡಿಸುವ ಕೋಲಿನಿಂದ ನನ್ನನ್ನೇ ತಡೆದರು. “ಮುಟ್ಟಿ ನೋಡು. ತಂಪು ತಾಗ್ತು. ಮೇಲೆ ಒಣಗಿದ್ದು, ಒಳಗೆ ಹಸಿ ಇದ್ದು.” ನಿಜ, ಪೆಟ್ರೋಲ್ ಆರುವಷ್ಟು ಹೊತ್ತೂ ತಂಪು. ನನ್ನ ಕೈಗೆ ಗೊತ್ತಾಗದ್ದು ಅವರ ಬೆರಳಿಗೆ ಗೊತ್ತಾಗಿತ್ತು. ಹಪ್ಪಳದಂತೆಯೇ ಎರಡು ಸಲ ಮಗ್ಗಲು ಬದಲಿಸಿದರು. ಮಧ್ಯೆ ಕಾಗೆಯೊಂದು ರಿಂಗಿಗೆ ಎರಗಿತು. ಅಜ್ಜಿ ಕೋಲು ಬೀಸಿದ ರಭಸಕ್ಕೆ ಕಾಗೆಯ ಜೊತೆ ನಾನೂ ಹಿಂದೆ ಹಾರಿದೆ. ಎರಡೂವರೆಗೆ ಅವರು “ಆತು” ಎಂದರು.

ರಿಂಗ್ ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಮುಚ್ಚಳ ಬಿಗಿದು, ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದೆ. ಸೀಟಿನ ಕೆಳಗಿನಿಂದ ‘ಗುಂಯ್’. ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಹೆಂಗಸರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕೆಂಡದ ಸಮೇತ ಓಡಿಬಂದರು. ಅವರನ್ನು ಅಲ್ಲೇ ನಿಲ್ಲಿಸಲು ನಾನು ಅದಕ್ಕಿಂತ ಜೋರಾಗಿ ಕೂಗಿದೆ.

ಹೊಸ ಪಂಪ್ ಹಾಕಿದ ಗಾಡಿಯ ಜೊತೆ ಮೊದಲ ಸವಾರಿಗೆ ನಾನೇ ಹೋಗುವುದು ರೂಢಿ. ಕೊನೆಯ ಹಪ್ಪಳಗಳನ್ನೂ ಕಟ್ಟಿ ಹಿಂದಿನ ಸೀಟಿಗೆ ಏರಿಸಿದ ಮೇಲೆ, ಬೈಕ್ ಅಲ್ಲೇ ಬಿಟ್ಟು, ಪಾರ್ವತಕ್ಕನ ಪಕ್ಕ ಕೂತೆ. ನಾಲ್ಕೂವರೆಗೆ ಶಿರಸಿಯ ಅಂಗಡಿ. ಯಜಮಾನರು ಒಂದು ಕಟ್ಟು ಬಿಚ್ಚಿ ಮೂಸಿದರು. ಹುಬ್ಬು ಗಂಟಾಯಿತು.

“ಪೆಟ್ರೋಲ್ ವಾಸನೆ ಬರ್ತದಲ್ರೀ?”

ಪಾರ್ವತಕ್ಕನ ಮುಖ ಬಿಳುಚಿತು. ನಾನು ರಿಂಗಿನ ಬಗ್ಗೆ ವಿವರಿಸಲು ಮುಂದೆ ಹೋದೆ. ನಾನು ಹತ್ತಿರ ಹೋದಷ್ಟೂ ಯಜಮಾನರು ಮೂಗು ಮುಚ್ಚಿಕೊಂಡರು. ಪಾರ್ವತಕ್ಕನಿಗೆ ಮೊದಲು ಹೊಳೆಯಿತು. “ತಮಾ, ನೀ ಹೊರಗೆ ಹೋಗು. ಆಚೆ ಬದಿಗೆ ನಿಲ್ಲು.”

ರಸ್ತೆ ದಾಟಿ ನಿಂತೆ. ಅಲ್ಲಿಂದ ನೋಡಿದೆ. ಯಜಮಾನರು ಮತ್ತೆ ಮೂಸಿದರು, ಕರಿಯದ ಹಪ್ಪಳದ ಚೂರು ಬಾಯಿಗೆ ಹಾಕಿದರು, ತಲೆ ಆಡಿಸಿದರು. ನಾನು ಕೋಣೆಯಲ್ಲಿಲ್ಲದೆ ಪಾಸಾದ ಏಕೈಕ ಪರೀಕ್ಷೆ ಅದು.

ಹೊಸ ರಿಂಗ್ ಕಣ್ಣಾರೆ ನೋಡದೆ ನಾನು ಈಗ ಯಾವ ಟ್ಯಾಂಕಿನ ಬಾಯಿಯನ್ನೂ ತೆಗೆಯುವುದಿಲ್ಲ. ಒಣಗಿಸಿ ಹಾಕಿದ್ದು ಆ ಹೊತ್ತಿನ ಉಪಾಯವಷ್ಟೆ, ಮರುವಾರವೇ ಹೊಸದು ಹಾಕಿಕೊಟ್ಟೆ. ಡಿಗ್ರಿಯ ಹೆಮ್ಮೆ ಇನ್ನೂ ಇದೆ, ಕಷ್ಟಪಟ್ಟು ತಂದದ್ದು. ಆದರೆ ಯಾರ ಮನೆಗೆ ರಿಪೇರಿಗೆ ಹೋದರೂ, ಆ ಮನೆಯವರಿಗೆ ಏನು ಕೆಲಸ ಗೊತ್ತು ಎಂದು ಮೊದಲು ಕೇಳುತ್ತೇನೆ. ಚೀಲ ಬಿಚ್ಚುವುದು ಆಮೇಲೆ.