ಕತೆಯಿಲ್ಲದ ಸಿನಿಮಾದಲ್ಲಿ ನನ್ನ ಪಾತ್ರ

ನಮ್ಮವರು ಹತ್ತಿಮತ್ತೂರಿನಲ್ಲಿ ಸಾಲಿ ಮಾಸ್ತರು. ಅರವತ್ತರ ದಶಕದಲ್ಲಿ, ಊರಿಗೆ ಕರೆಂಟು ಬಂದ ಹೊಸತರಲ್ಲಿ, ಹುಬ್ಬಳ್ಳಿಯ ಫೋಟೋ ಸ್ಟುಡಿಯೋದ ಗೆಳೆಯನಿಂದ ಕ್ಯಾಮೆರಾ, ಪ್ರೊಜೆಕ್ಟರು ಕಡ ತಂದು ಒಂದು ಸಿನಿಮಾ ತೆಗೆದರು. ಮಾತಿಲ್ಲ, ಕತೆಯಿಲ್ಲ. ಎಮ್ಮೆಯ ಕಿವಿ, ರೊಟ್ಟಿ ಬಡಿಯುವ ಕೈ, ಗೋಡೆಯ ಮೇಲಿನ ನೆರಳು. ಇದೇನ್ರೀ ಅಂದರೆ ಪ್ರಯೋಗ ಅನ್ನುತ್ತಿದ್ದರು. ಗೋಡೆಗೊಂದು ಮೊಳೆ ನೆಟ್ಟಗೆ ಹೊಡೆಯಲಾರದವರಿಗೆ ಇಂಥ ಪ್ರಯೋಗ.

ಅದರಲ್ಲಿ ನಾನೂ ಇದ್ದೆ. ಹಿತ್ತಲಲ್ಲಿ ಕೂದಲು ಬಿಟ್ಟುಕೊಂಡು ಒಣಗಿಸುತ್ತ, ಹಲ್ಲು ಕಿಸಿದು ನಗುತ್ತ ಕೂತಿದ್ದಾಗ ಹಿಡಿದುಬಿಟ್ಟಿದ್ದರು. ಮದುವೆಯಾಗಿ ವರ್ಷವಾಗಿದ್ದರೂ ಮಾವನವರೆದುರು ನಾನು ಹಣೆ ಮುಚ್ಚುವಂತೆ ಸೆರಗು ಹೊದ್ದು, ತಲೆ ತಗ್ಗಿಸಿ, ಗೋಡೆಗೆ ಸರಿದು ನಿಲ್ಲುವವಳು. ಅವರು ನನ್ನ ಕಾಲುಂಗುರ ನೋಡಿದ್ದರೇ ಹೊರತು ಮುಖವನ್ನಲ್ಲ. ಈಗ ಊರೆದುರು ಬಿಟ್ಟ ಕೂದಲು. ತವರಿಗೆ ಅಟ್ಟುತ್ತಾರೆಂದು ಹೆದರಿ, ಅದೊಂದು ತುಂಡು ಕತ್ತರಿಸಿಬಿಡಿ ಎಂದು ಅಂಗಲಾಚಿದೆ. ಅದೇ ಚಲೋ ಬಂದೈತಿ ಅಂದುಬಿಟ್ಟರು ಪುಣ್ಯಾತ್ಮರು.

ಕತ್ತಲಾಗುತ್ತಲೇ ಚಾವಡಿಯ ಮುಂದೆ ಪರದೆಯಾಗಿ ಧೋತರ ಕಟ್ಟಿದರು. ಮೂಕ ಸಿನಿಮಾಕ್ಕೆ ಸಂಗೀತ ಬೇಕಲ್ಲ, ದೊಡ್ಡಾಟದ ಹಿಮ್ಮೇಳದವರನ್ನು ಪಕ್ಕಕ್ಕೆ ಕೂಡಿಸಿದ್ದರು. ಪಾತ್ರ ಬಂದಾಗ ಅದರ ಪ್ರವೇಶದ ಪದ ಹಾಡುವುದು ಅವರ ರೂಢಿ. ಎಮ್ಮೆಯ ಕಿವಿ ಬಂದದ್ದೇ ತಡ, ಮದ್ದಳೆಯವರು ರಾಕ್ಷಸನ ಪ್ರವೇಶ ಬಾರಿಸಿದರು. ಜನ ಸಿಳ್ಳೆ ಹಾಕಿದರು. ರೊಟ್ಟಿ ಬಡಿಯುವ ಕೈಗೆ ಯುದ್ಧದ ಪದ ಬಂತು.

ಆಮೇಲೆ ಧೋತರದ ತುಂಬ ನನ್ನ ಮುಖ. ಹಿಮ್ಮೇಳ ರಾಣಿಯ ಪದ ಎತ್ತಿಕೊಂಡಿತು. ಮುಂದೆ ಕೂತಿದ್ದ ಮಾವನವರು ಎದ್ದರು. ನನ್ನ ಕತೆ ಮುಗೀತು ಅಂದುಕೊಂಡೆ. ಅವರು ಹೆಗಲ ಮೇಲಿನ ಹೊಸ ಶಾಲು ತೆಗೆದು, ಆಟದಲ್ಲಿ ಮೆಚ್ಚಿದ ಪಾತ್ರಕ್ಕೆ ಉಡುಗೊರೆ ಕೊಟ್ಟು ಆಯೇರಿ ಮಾಡುವ ಹಾಗೆ, ಧೋತರ ಕಟ್ಟಿದ ಕಂಬಕ್ಕೆ ಹೊದಿಸಿದರು.

"ಯಾವ ಹುಡುಗಪಾ ಇಂವಾ? ಹೆಣ್ಣಿಗಿಂತ ಚಲೋ ಹೆಣ್ಣಾಗ್ಯಾನ," ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು. ನಮ್ಮ ಕಡೆ ದೊಡ್ಡಾಟದಲ್ಲಿ ಹೆಣ್ಣುವೇಷ ಹಾಕುವವರು ಗಂಡಸರೇ. ಇದೂ ಅಂಥದ್ದೇ ಎಂದು ತಿಳಿದಿದ್ದರು.

ನನ್ನ ಪಕ್ಕದಲ್ಲಿದ್ದ ಅತ್ತೆಗೆ ಮಾತ್ರ ಗುರುತು ಸಿಕ್ಕಿತ್ತು. ತೊಡೆ ಚಿವುಟಿ, ಸುಮ್ಮನೆ ಕುಂತಿರು, ಗಂಡಸಾಗೇ ಇರು ಎಂದು ಪಿಸುಗುಟ್ಟಿದರು. ಪಾರಾದೆನೆಂದು ಹಿಗ್ಗಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು. ವರ್ಷದಿಂದ ಇವರಿಗೆ ರೊಟ್ಟಿ ಬಡಿದು ಹಾಕಿದವಳು ನಾನು, ಹೊಗಳಿಕೆ ಯಾವನೋ ಹುಡುಗನಿಗೆ. ಎದ್ದು ನಿಂತೆ. ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ.

"ಮಾವಾರ, ಅಂವಾ ಹುಡುಗ ಅಲ್ರಿ. ನಾನರೀ, ನಿಮ್ಮ ಸೊಸಿ."

ಹಿಮ್ಮೇಳ ನಿಂತಿತು. ಮಾವನವರು ಧೋತರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಧೋತರ ನೋಡಿದರು. ಅತ್ತೆ ಕಣ್ಣು ಮುಚ್ಚಿಕೊಂಡರು. ಮಾವನವರು ಕಂಬದ ಶಾಲು ತೆಗೆದುಕೊಂಡು ಹೆಂಗಸರ ಸಾಲಿನವರೆಗೆ ನಡೆದು ಬಂದು, ನನ್ನ ಮುಂದೆ ಹಿಡಿದರು.

"ಕೊಟ್ಟ ಆಯೇರಿ ಹೊಳ್ಳಿ ತಗೊಳ್ಳಾಕ ಬರೂದಿಲ್ಲವ್ವಾ. ಹೊದ್ಕೊ. ತಲಿ ಮ್ಯಾಲ ಬ್ಯಾಡ, ಹೆಗಲ ಮ್ಯಾಲ."